ಪಿತ್ತಕೋಶದ ಕಲ್ಲು: ಒಬ್ಬರು ಬೇಡವೆಂದರು, ಇನ್ನೊಬ್ಬರು ಬೇಕೆಂದರು

ಪ್ರಶ್ನೆ: ನನಗೆ 47 ವರ್ಷ. ಬದಿಯಡ್ಕದಿಂದ ಒಳಗೆ ನಮ್ಮದೊಂದು ಅಡಿಕೆ ತೋಟವಿದೆ. ಮೂರು ವರ್ಷದ ಹಿಂದೆ ಗರ್ಭಕೋಶದ ತೊಂದರೆಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ಪಿತ್ತಕೋಶದಲ್ಲಿ ಕಲ್ಲುಗಳಿರುವುದು ಗೊತ್ತಾಯಿತು. ಆಗ ನೋವು ಇರಲಿಲ್ಲ. ಕಾಸರಗೋಡಿನ ವೈದ್ಯರು ಏನೂ ಮಾಡುವುದು ಬೇಡ ಎಂದರು. ಕಳೆದ ದೀಪಾವಳಿಯ ಮರುದಿನ ರಾತ್ರಿ ಎದೆಗುಂಡಿಯ ಕೆಳಗೆ ಹಿಡಿದುಕೊಂಡ ನೋವು ಬಲ ಹೆಗಲಿನ ಹಿಂದಕ್ಕೆ ಹೋಗಿ ಮೂರು ಗಂಟೆ ಇತ್ತು, ಎರಡು ಸಲ ವಾಂತಿಯಾಯಿತು. ಗ್ಯಾಸ್ ಎಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಒಂದು ಉಪನಯನದ ಊಟದ ರಾತ್ರಿ, ಮತ್ತೆ ಈ ತಿಂಗಳು, ಹೀಗೆ ಒಟ್ಟು ಮೂರು ಸಲ ಬಂತು. ಇದಲ್ಲದೆ ದಿನವೂ ಹೊಟ್ಟೆಯುಬ್ಬರ, ಹುಳಿತೇಗು ಇದೆ. ಹೊಸ ಸ್ಕ್ಯಾನಿಂಗಿನಲ್ಲಿ ಅನೇಕ ಕಲ್ಲುಗಳು, ದೊಡ್ಡದು 9 ಮಿಲಿಮೀಟರ್, ಪಿತ್ತಕೋಶದ ಗೋಡೆ ದಪ್ಪವಾಗಿಲ್ಲ, ಪಿತ್ತನಾಳ 4 ಮಿಲಿಮೀಟರ್ ಎಂದಿದೆ. ಲಿವರ್ ಪರೀಕ್ಷೆ ಸರಿಯಿದೆ. ಐದು ವರ್ಷದಿಂದ ಸಕ್ಕರೆ ಕಾಯಿಲೆ, ಮೂರು ತಿಂಗಳ ಸರಾಸರಿ 8.4. ಮಂಗಳೂರಿನ ವೈದ್ಯರು ಬೇಗ ಆಪರೇಷನ್ ಮಾಡಿಸಿ ಎನ್ನುತ್ತಾರೆ. ಅತ್ತೆಯವರು ಬಾಳೆದಿಂಡಿನ ರಸ ಕುಡಿದರೆ ಕಲ್ಲು ಕರಗುತ್ತದೆ ಎನ್ನುತ್ತಾರೆ. ಪಿತ್ತಕೋಶ ತೆಗೆದರೆ ಆಮೇಲೆ ಯಾವುದೂ ಜೀರ್ಣವಾಗುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ಭಯದಿಂದ ಎಣ್ಣೆ, ತುಪ್ಪ, ತೆಂಗಿನಕಾಯಿ ಎಲ್ಲ ಬಿಟ್ಟು, ರಾತ್ರಿಯೂಟವನ್ನೂ ನಿಲ್ಲಿಸಿದ್ದೇನೆ. ಮೂರು ತಿಂಗಳಲ್ಲಿ 11 ಕಿಲೋ ಇಳಿದಿದ್ದೇನೆ. ಮಗಳ ಮದುವೆ ಮೇ ತಿಂಗಳಲ್ಲಿದೆ. ಅದು ಕಳೆದ ಮೇಲೆ ಯೋಚಿಸಿದರೆ ಸಾಲದೇ? ಆಪರೇಷನ್ ನಿಜವಾಗಿಯೂ ಬೇಕೇ?

ಉತ್ತರ: ನೀವು ಇಷ್ಟು ವಿವರವಾಗಿ ಬರೆದದ್ದರಿಂದ ನನ್ನ ಕೆಲಸ ಅರ್ಧ ಮುಗಿದಂತಾಯಿತು. ನಿಮ್ಮ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಕಲ್ಲಿಗಿಂತಲೂ ಹೆಚ್ಚಾಗಿ ನಿಮ್ಮನ್ನು ಕಾಡುತ್ತಿರುವುದು ಒಬ್ಬ ವೈದ್ಯರು ಬೇಡವೆಂದದ್ದನ್ನು ಇನ್ನೊಬ್ಬರು ಬೇಕೆನ್ನುತ್ತಿರುವುದು, ಹಾಗಾದರೆ ಯಾರನ್ನು ನಂಬಬೇಕು ಎಂಬ ಸಂಶಯ. ಮೂರು ವರ್ಷದ ಹಿಂದೆ ಬೇಡವೆಂದವರು ಸರಿಯಾಗಿಯೇ ಹೇಳಿದ್ದರು. ಈಗ ಬೇಕೆನ್ನುವವರೂ ಸರಿಯಾಗಿಯೇ ಹೇಳುತ್ತಿದ್ದಾರೆ. ಅಂದು ನಿಮ್ಮ ಕಲ್ಲುಗಳು ಸುಮ್ಮನಿದ್ದವು, ದೀಪಾವಳಿಯ ಮರುದಿನದಿಂದ ಅವು ಸುಮ್ಮನಿಲ್ಲ. ಪಿತ್ತಕೋಶದ ಕಲ್ಲಿನ ವಿಷಯದಲ್ಲಿ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವುದು ಬಹುತೇಕ ಈ ಒಂದು ವ್ಯತ್ಯಾಸವೇ. ಕಲ್ಲು ಎಷ್ಟಿದೆ, ಎಷ್ಟು ದೊಡ್ಡದಿದೆ ಎಂಬುದು ಅದರ ನಂತರದ ಮಾತು.

ಮೊದಲಿಗೆ ‘ಪಿತ್ತ’ ಎಂಬ ಶಬ್ದದಿಂದಲೇ ಆಗುವ ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮ ಆಡುಮಾತಿನಲ್ಲಿ ತಲೆ ತಿರುಗಿದರೂ ಪಿತ್ತ, ಬೆಳಿಗ್ಗೆ ಬಾಯಿ ಕಹಿಯಾದರೂ ಪಿತ್ತ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರಿತು ಎನ್ನುತ್ತೇವೆ. ಹಾಗಾಗಿ ಪಿತ್ತಕೋಶದಲ್ಲಿ ಕಲ್ಲಿದೆ ಎಂದೊಡನೆ ದೇಹದಲ್ಲಿ ಉಷ್ಣ ಜಾಸ್ತಿಯಾಗಿದೆ, ತಂಪು ಮಾಡಿದರೆ ಹೋಗುತ್ತದೆ ಎಂದು ಮನೆಮಂದಿ ಭಾವಿಸುವುದು ಸಹಜ. ಇಲ್ಲಿ ನಾವು ಹೇಳುತ್ತಿರುವ ಪಿತ್ತರಸವು ಲಿವರಿನಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ತಯಾರಾಗುವ, ಹಸಿರುಹಳದಿ ಬಣ್ಣದ, ಜಿಡ್ಡನ್ನು ಜೀರ್ಣಿಸಲು ಬೇಕಾದ ಒಂದು ದ್ರವ. ಪಿತ್ತಕೋಶವೆಂದರೆ ಲಿವರಿನ ಅಡಿಗೆ ಅಂಟಿಕೊಂಡಿರುವ, ಏಳರಿಂದ ಹತ್ತು ಸೆಂಟಿಮೀಟರ್ ಉದ್ದದ ಒಂದು ಚಿಕ್ಕ ಚೀಲ. ಅದರಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಅದು ಪಿತ್ತರಸವನ್ನು ತಯಾರಿಸುವುದಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ಬಂದ ರಸವನ್ನು ಹಿಡಿದಿಟ್ಟು, ನೀರು ಹೀರಿ ಗಟ್ಟಿಮಾಡಿ, ನಾವು ಜಿಡ್ಡಿನ ಪದಾರ್ಥ ಉಂಡಾಗ ಹಿಂಡಿಕೊಂಡು ಕರುಳಿಗೆ ಬಿಡುತ್ತದೆ.

ಈ ರಸದಲ್ಲಿ ಕರಗಿರುವ ಕೊಲೆಸ್ಟರಾಲ್ ಅಂಶ ಕರಗುವ ಮಿತಿಯನ್ನು ಮೀರಿದಾಗ, ಜೊತೆಗೆ ಚೀಲವು ಸರಿಯಾಗಿ ಹಿಂಡಿಕೊಳ್ಳದೆ ರಸ ಅಲ್ಲೇ ನಿಂತಾಗ, ಮೊದಲು ಹರಳು, ಆಮೇಲೆ ಕೆಸರು, ಕೊನೆಗೆ ಕಲ್ಲು ಆಗುತ್ತದೆ. ರಕ್ತಕಣಗಳು ಒಡೆದಾಗ ಬರುವ ಬಣ್ಣದ ಅಂಶ ಸೇರಿ ಆಗುವ ಕಪ್ಪು ಅಥವಾ ಕಂದು ಕಲ್ಲುಗಳು ಇನ್ನೊಂದು ಬಗೆ. ದಕ್ಷಿಣ ಭಾರತದಲ್ಲಿ ಇವುಗಳ ಪಾಲು ಉತ್ತರಕ್ಕಿಂತ ಹೆಚ್ಚು. ಹೆಂಗಸರಲ್ಲಿ ಕಲ್ಲು ಹೆಚ್ಚಾಗಿ ಕಾಣಲು ಈಸ್ಟ್ರೋಜೆನ್ ಹಾರ್ಮೋನು ಮತ್ತು ಬಸಿರು ಮುಖ್ಯ ಕಾರಣಗಳು. ಮೈತೂಕ, ಸಕ್ಕರೆ ಕಾಯಿಲೆ, ವಯಸ್ಸು, ಮನೆತನದಲ್ಲಿ ಮೊದಲೇ ಯಾರಿಗಾದರೂ ಇದ್ದದ್ದು, ಇವೆಲ್ಲ ಅದಕ್ಕೆ ಸೇರುತ್ತವೆ. ಬಾವಿಯ ನೀರಿನಲ್ಲಿ ಸುಣ್ಣದಂಶವಿದೆ, ಅಕ್ಕಿಯಲ್ಲಿ ಕಲ್ಲಿತ್ತು, ಟೊಮೆಟೊ ಬೀಜ ಹೋಗಿ ಕೂತಿದೆ ಎಂದು ಹೇಳಿಕೊಂಡು ಬರುವವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹಾಗೆಯೇ ನೀವು ಏನೋ ತಪ್ಪು ತಿಂದದ್ದರಿಂದ ಇದು ಬಂತು ಎಂಬ ಅಪರಾಧಭಾವವೂ ಬೇಡ.

ಬಾಳೆದಿಂಡಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ಅತ್ತೆಯವರು ಹೇಳಿದ್ದು ಮೂತ್ರಪಿಂಡದ ಕಲ್ಲಿಗೆ ನಮ್ಮ ಕಡೆ ತಲೆತಲಾಂತರದಿಂದ ಹೇಳುವ ಮದ್ದು. ಕಾಡುಬಸಳೆ ಎಲೆಯನ್ನು ಹೇಳುವುದೂ ಅದಕ್ಕೇ. ಎರಡಕ್ಕೂ ಕಲ್ಲು ಎಂಬ ಒಂದೇ ಹೆಸರಿರುವುದರಿಂದ ಒಂದರ ಮದ್ದು ಇನ್ನೊಂದಕ್ಕೆ ಬಂದಿದೆ. ಮೂತ್ರಪಿಂಡದ ಕಲ್ಲು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟಿನದು, ಅದು ಇರುವುದು ಮೂತ್ರದ ಹಾದಿಯಲ್ಲಿ. ನೀರು ಹೆಚ್ಚು ಕುಡಿದು ಮೂತ್ರ ಹೆಚ್ಚಾದರೆ ಸಣ್ಣ ಕಲ್ಲು ಜಾರಿ ಹೊರಗೆ ಹೋಗುವುದುಂಟು, ಹೋದರೆ ಒಳ್ಳೆಯದೇ. ಪಿತ್ತಕೋಶದ ಕಲ್ಲಿನ ಹಾದಿ ಬೇರೆ. ಅದು ಚೀಲದಿಂದ ಜಾರಿ ಹೊರಬಿದ್ದರೆ ಹೋಗಿ ನಿಲ್ಲುವುದು ಪಿತ್ತನಾಳದಲ್ಲಿ. ಅಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಇಲ್ಲವೇ ಮೇದೋಜೀರಕ ಗ್ರಂಥಿಯ ಉರಿಯೂತ. ಆದ್ದರಿಂದ ‘ಕಲ್ಲು ತಾನಾಗಿ ಹೊರಗೆ ಹೋಗಲಿ’ ಎಂದು ಇಲ್ಲಿ ಹಾರೈಸುವಂತಿಲ್ಲ. ಬಾಳೆದಿಂಡಿನ ಪಲ್ಯ ಧಾರಾಳವಾಗಿ ತಿನ್ನಿ, ನಾರಿನಂಶ ಒಳ್ಳೆಯದು. ಕಲ್ಲನ್ನು ಮಾತ್ರ ಅದು ಮುಟ್ಟುವುದಿಲ್ಲ.

ಈಚೆಗೆ ಮೊಬೈಲಿನಲ್ಲಿ ಹರಿದಾಡುವ ಇನ್ನೊಂದು ಚಿಕಿತ್ಸೆಯನ್ನೂ ಹೇಳಿಬಿಡುತ್ತೇನೆ: ಆಲಿವ್ ಎಣ್ಣೆಯನ್ನೂ ಲಿಂಬೆರಸವನ್ನೂ ರಾತ್ರಿ ಕುಡಿದರೆ ಬೆಳಿಗ್ಗೆ ಮಲದಲ್ಲಿ ಹಸಿರು ಕಲ್ಲುಗಳು ಬೀಳುತ್ತವೆ ಎನ್ನುವುದು. ಅಂಥ ‘ಕಲ್ಲು’ಗಳನ್ನು ಒಬ್ಬರು ಬಾಟಲಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟಿದ್ದರು. ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಒಳಗೆ ಹೋಗುತ್ತಿದ್ದವು. ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತಾಗಿ ಪಿತ್ತರಸದ ಬಣ್ಣ ಹಿಡಿದ ಮುದ್ದೆಗಳವು. ಅದೇ ದಿನ ಮತ್ತೆ ಸ್ಕ್ಯಾನ್ ಮಾಡಿಸಿದಾಗ ಒಳಗಿದ್ದ ಕಲ್ಲುಗಳು ಒಂದೂ ಕಡಿಮೆಯಾಗದೆ ಇದ್ದವು. ಅಷ್ಟು ಎಣ್ಣೆಯನ್ನು ಒಮ್ಮೆಲೇ ಕುಡಿದರೆ ಪಿತ್ತಕೋಶ ರಭಸದಿಂದ ಹಿಂಡಿಕೊಳ್ಳುತ್ತದೆ. ನಿಮ್ಮಂಥವರಿಗೆ ಅದೇ ರಾತ್ರಿ ನೋವು ಬರುವ ಸಾಧ್ಯತೆ ಇರುವುದರಿಂದ ಖಂಡಿತ ಪ್ರಯೋಗ ಮಾಡಬೇಡಿ.

ಇನ್ನು ನಿಮ್ಮ ನೋವು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ, ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಪಿತ್ತಕೋಶದ ನೋವಿಗೆ ಅದರದೇ ಆದ ಚಹರೆಯಿದೆ. ‘ಎಲ್ಲಿ ನೋವು?’ ಎಂದು ನಾನು ಕೇಳಿದಾಗ ಅಂಥ ರೋಗಿ ಒಂದು ಬೆರಳು ತೋರಿಸುವುದಿಲ್ಲ. ಅಂಗೈಯನ್ನು ಎದೆಗುಂಡಿಯ ಕೆಳಗೆ ಅಗಲವಾಗಿ ಇಟ್ಟು, ಬಲಪಕ್ಕೆಯ ಮೇಲೆ ಸರಿಸಿ, ಕೈಯನ್ನು ಹಿಂದಕ್ಕೆ ತಿರುಗಿಸಿ ಬಲ ಹೆಗಲೆಲುಬಿನ ಕೆಳಗೆ ಮುಟ್ಟಲು ಹೆಣಗುತ್ತಾರೆ. ಮಲಗಿದರೂ ಆಗದು, ಕೂತರೂ ಆಗದು, ಚಾವಡಿಯಲ್ಲಿ ಅತ್ತಿತ್ತ ನಡೆದೆ ಎನ್ನುತ್ತಾರೆ. ಅರ್ಧ ಗಂಟೆಯಿಂದ ಐದಾರು ಗಂಟೆಯವರೆಗೆ ಇದ್ದು, ತಾನಾಗಿಯೋ ಇಂಜೆಕ್ಷನ್ನಿನಿಂದಲೋ ಇಳಿದರೆ ಮರುದಿನ ಏನೂ ಆಗಿಲ್ಲವೆಂಬಂತೆ ಇರುತ್ತಾರೆ. ಹೆಚ್ಚಾಗಿ ಬರುವುದು ರಾತ್ರಿ, ಹಬ್ಬದೂಟವೋ ಅನುಪತ್ಯದ ಊಟವೋ ಆದ ದಿನ. ಚೀಲದ ಬಾಯಿಯಲ್ಲಿ ಕಲ್ಲೊಂದು ಬಂದು ಕೂತು, ಚೀಲ ಅದನ್ನು ದೂಡಲು ಹಿಂಡಿಕೊಳ್ಳುವಾಗ ಬರುವ ನೋವು ಇದು. ಕಲ್ಲು ಹಿಂದಕ್ಕೆ ಉರುಳಿದೊಡನೆ ನೋವು ನಿಲ್ಲುತ್ತದೆ. ನೀವು ವರ್ಣಿಸಿದ ಮೂರೂ ಸಲದ ನೋವು ಈ ಚಹರೆಗೆ ಸರಿಯಾಗಿ ಹೊಂದುತ್ತದೆ.

ದಿನವೂ ಇರುವ ಹೊಟ್ಟೆಯುಬ್ಬರ ಮತ್ತು ಹುಳಿತೇಗು ಹಾಗಲ್ಲ. ಕಲ್ಲಿಲ್ಲದ ಎಷ್ಟೋ ಜನರಿಗೂ ಇವು ಇವೆ, ಇದ್ದವರಲ್ಲಿಯೂ ಹೆಚ್ಚಿನಂಶ ಇವುಗಳ ಕಾರಣ ಜಠರದಲ್ಲಿರುತ್ತದೆ. ಪಿತ್ತಕೋಶ ತೆಗೆದರೆ ಇವು ಹೋಗುತ್ತವೆ ಎಂದು ಯಾರಾದರೂ ನಿಮಗೆ ಭರವಸೆ ಕೊಟ್ಟಿದ್ದರೆ ಅದನ್ನು ನಂಬಬೇಡಿ. ಬರಿಯ ಗ್ಯಾಸಿಗೆಂದು ಬೇರೊಂದು ಕಡೆ ಪಿತ್ತಕೋಶ ತೆಗೆಸಿಕೊಂಡು, ಆರು ತಿಂಗಳ ನಂತರವೂ ಅದೇ ಗ್ಯಾಸಿನೊಂದಿಗೆ ನನ್ನ ಬಳಿಗೆ ಬಂದ ಹೆಂಗಸೊಬ್ಬರ ನಿರಾಶೆಯನ್ನು ನಾನು ಮರೆತಿಲ್ಲ. ಅವರ ಶಸ್ತ್ರಚಿಕಿತ್ಸೆಯಲ್ಲಿ ಯಾವ ಲೋಪವೂ ಆಗಿರಲಿಲ್ಲ. ಆದರೆ ಅದು ಆಗಬೇಕಾಗಿಯೇ ಇರಲಿಲ್ಲ. ನಿಮಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಒಮ್ಮೆ ಎಂಡೋಸ್ಕೋಪಿ ಮಾಡಿಸಿಕೊಳ್ಳಲು ಹೇಳುತ್ತೇನೆ. ಜಠರದಲ್ಲಿ ಹುಣ್ಣೋ ಉರಿಯೂತವೋ ಇದ್ದರೆ ಅದಕ್ಕೆ ಬೇರೆ ಚಿಕಿತ್ಸೆ ಆಗಲಿ. ಮೂರು ಗಂಟೆಯ ಆ ನೋವು ಮತ್ತೆ ಬಾರದಿರಲು ಆಪರೇಷನ್, ಹುಳಿತೇಗಿಗೆ ಮಾತ್ರೆ ಮತ್ತು ಊಟದ ಕ್ರಮ, ಹೀಗೆ ಎರಡನ್ನೂ ಬೇರೆಬೇರೆಯಾಗಿ ಎಣಿಸಿಕೊಂಡರೆ ಆಮೇಲೆ ನಿರಾಶೆಯಾಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಹೃದಯಾಘಾತವೂ ಎದೆಗುಂಡಿಯ ಕೆಳಗಿನ ನೋವು ಮತ್ತು ವಾಂತಿಯ ರೂಪದಲ್ಲಿ ಬರುವುದುಂಟು. ದೀಪಾವಳಿಯ ಮರುದಿನ ಇಸಿಜಿ ಮಾಡಿಸಿದ್ದಾಗಿ ನೀವು ಬರೆದಿಲ್ಲ. ಮಾಡಿಸಿರದಿದ್ದರೆ ಈಗ ಮಾಡಿಸಿ. ಮುಂದೆ ಅಂಥ ನೋವು ಬಂದರೆ, ಕಲ್ಲಿರುವುದು ಗೊತ್ತೇ ಇದೆ ಎಂದು ಮನೆಯಲ್ಲಿ ಕೂರದೆ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ತೆಗೆಸಿಕೊಳ್ಳಿ.

ಈಗ ಬೇಕೋ ಬೇಡವೋ ಎಂಬ ವಿಚಾರ. ಕಲ್ಲಿರುವ ನೂರು ಜನರಲ್ಲಿ ಸುಮಾರು ಎಂಬತ್ತು ಜನರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಹೀಗೆ ಸುಮ್ಮನಿರುವ ಕಲ್ಲು ನೋವು ಕೊಡಲು ತೊಡಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ನಾಲ್ವರಲ್ಲಿ ಮಾತ್ರ. ಅದಕ್ಕಾಗಿಯೇ ನೋವಿಲ್ಲದ ಕಲ್ಲನ್ನು ಮುಟ್ಟಬೇಡಿ ಎನ್ನುವುದು. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಿರುವ ಕಲ್ಲನ್ನು ತೆಗೆಯಬೇಕು ಎಂಬ ಹಳೆಯ ಪದ್ಧತಿಯೂ ಈಗಿಲ್ಲ. ಮೂರು ಸೆಂಟಿಮೀಟರಿಗಿಂತ ದೊಡ್ಡ ಕಲ್ಲು, ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು), ಗೋಡೆಯಲ್ಲಿ ಸುಣ್ಣ ಕೂತ ಪಿತ್ತಕೋಶ, ರಕ್ತಕಣ ಒಡೆಯುವ ಕೆಲವು ಹುಟ್ಟುಕಾಯಿಲೆಗಳು, ಇಂಥ ಕೆಲವೇ ಸಂದರ್ಭಗಳಲ್ಲಿ ನೋವಿಲ್ಲದಿದ್ದರೂ ತೆಗೆಯುವುದನ್ನು ಯೋಚಿಸುತ್ತೇವೆ. ಕಲ್ಲಿದ್ದರೆ ಕ್ಯಾನ್ಸರ್ ಬರುತ್ತದೆ ಎಂಬ ಹೆದರಿಕೆಗೂ ಒಂದು ಮಿತಿ ಬೇಕು. ಪಿತ್ತಕೋಶದ ಕ್ಯಾನ್ಸರ್ ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಈಶಾನ್ಯದಲ್ಲಿ, ದಕ್ಷಿಣದಲ್ಲಿ ಅದು ಕಡಿಮೆ.

ನೋವು ಒಮ್ಮೆ ಬಂದ ಮೇಲೆ ಲೆಕ್ಕ ಬದಲಾಗುತ್ತದೆ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ನೋವು ಮರಳಿ ಬರುತ್ತದೆ, ಮತ್ತು ವರ್ಷಕ್ಕೆ ನೂರರಲ್ಲಿ ಒಬ್ಬರಿಂದ ಮೂವರಿಗೆ ಅಪಾಯದ ತೊಡಕುಗಳು ಆಗುತ್ತವೆ. ನಿಮಗೆ ಕೆಲವೇ ತಿಂಗಳಲ್ಲಿ ಮೂರು ಸಲ ಬಂದಿದೆ. ದೊಡ್ಡ ಕಲ್ಲು 9 ಮಿಲಿಮೀಟರ್ ಎಂಬುದು ನಿಮಗೆ ಭಯ ಹುಟ್ಟಿಸಿರಬಹುದು. ನನ್ನ ಗಮನ ಹೋದದ್ದು ‘ಅನೇಕ’ ಎಂಬ ಶಬ್ದದ ಮೇಲೆ. ಅದರ ಅರ್ಥ ಜೊತೆಯಲ್ಲಿ ಅದಕ್ಕಿಂತ ಸಣ್ಣವೂ ಇವೆ ಎಂದು. ನಾಳಕ್ಕೆ ಜಾರುವುದು ಸಣ್ಣ ಕಲ್ಲುಗಳೇ. ಸ್ಕ್ಯಾನಿಂಗಿನ ಕೋಣೆಯಲ್ಲಿ ‘ಎಡಮಗ್ಗುಲಿಗೆ ತಿರುಗಿ’ ಎಂದು ನಿಮಗೂ ಹೇಳಿರಬಹುದು. ಆಗ ಪರದೆಯ ಮೇಲೆ, ಹಿಂದೆ ಕಪ್ಪು ನೆರಳು ಎಳೆದುಕೊಂಡಿರುವ ಬಿಳಿಯ ಚುಕ್ಕೆಗಳು ಗೋಲಿಗಳಂತೆ ಒಂದರ ಹಿಂದೊಂದು ಉರುಳುವುದು ಕಾಣುತ್ತದೆ. ರಾತ್ರಿ ನೀವು ಹಾಸಿಗೆಯಲ್ಲಿ ಹೊರಳಿದಾಗಲೂ ಅವು ಹಾಗೆಯೇ ಉರುಳುತ್ತವೆ.

ಮಾತ್ರೆಯಲ್ಲಿ ಕರಗಿಸಲಾಗದೇ ಎಂದು ಕೇಳಬಹುದು. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂಬ ಮಾತ್ರೆ ಇದೆ. ಅದು ಕೆಲಸ ಮಾಡಬೇಕಾದರೆ ಕಲ್ಲು ಅಪ್ಪಟ ಕೊಲೆಸ್ಟರಾಲಿನದಾಗಿ, ಸಣ್ಣದಾಗಿ, ಸುಣ್ಣ ಕೂಡದೆ ಇರಬೇಕು. ಪಿತ್ತಕೋಶವೂ ಚೆನ್ನಾಗಿ ಹಿಂಡಿಕೊಳ್ಳುತ್ತಿರಬೇಕು. ಆರು ತಿಂಗಳಿನಿಂದ ಎರಡು ವರ್ಷ ತಪ್ಪದೆ ನುಂಗಬೇಕು. ಇಷ್ಟೆಲ್ಲ ಆಗಿ ಕರಗಿದರೂ ನಿಲ್ಲಿಸಿದ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನರಲ್ಲಿ ಕಲ್ಲು ಮತ್ತೆ ಆಗುತ್ತದೆ. ಶಸ್ತ್ರಚಿಕಿತ್ಸೆ ತಡೆದುಕೊಳ್ಳಲಾರದಷ್ಟು ಹೃದಯವೋ ಶ್ವಾಸಕೋಶವೋ ದುರ್ಬಲವಾಗಿರುವವರಿಗೆ ನಾನು ಇದನ್ನು ಬರೆಯುತ್ತೇನೆ. ನಿಮಗೆ ಬರೆಯಲಾರೆ.

ಚೀಲವನ್ನು ಉಳಿಸಿ ಕಲ್ಲನ್ನಷ್ಟೇ ತೆಗೆಯಬಾರದೇ ಎಂಬುದೂ ನ್ಯಾಯವಾದ ಪ್ರಶ್ನೆ. 1882ರಲ್ಲಿ ಬರ್ಲಿನ್ನಿನಲ್ಲಿ ಮೊದಲ ಬಾರಿಗೆ ಪಿತ್ತಕೋಶವನ್ನೇ ತೆಗೆದ ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರ ವಾದವೂ ಇದರ ಸುತ್ತಲೇ ಇತ್ತು: ಕಲ್ಲನ್ನು ಹುಟ್ಟಿಸುತ್ತಿರುವುದೇ ಆ ಚೀಲವಾದ್ದರಿಂದ ಚೀಲ ಉಳಿದರೆ ಕಲ್ಲು ಮರಳುತ್ತದೆ ಎಂದು. ಆಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. 1985ರಲ್ಲಿ ಜರ್ಮನಿಯ ಎರಿಖ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ಅದೇ ಕೆಲಸ ಮಾಡಿದರು. 1990ರಲ್ಲಿ ಮುಂಬಯಿಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಇಂದು ಜಿಲ್ಲಾ ಮಟ್ಟದ ಊರುಗಳಲ್ಲಿಯೂ ನಡೆಯುವ ಲ್ಯಾಪರೋಸ್ಕೋಪಿ ಅದೇ.

ನಡೆಯುವುದು ಹೀಗೆ. ಪೂರ್ತಿ ಅರಿವಳಿಕೆ ಕೊಟ್ಟು, ಹೊಕ್ಕುಳಿನ ಬಳಿ ಒಂದು ಮತ್ತು ಪಕ್ಕೆಯ ಕೆಳಗೆ ಮೂರು, ಒಟ್ಟು ನಾಲ್ಕು ರಂಧ್ರ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಅಗಲ. ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಜಾಗ ಮಾಡಿಕೊಂಡು, ಚೀಲಕ್ಕೆ ಬರುವ ಒಂದು ನಾಳವನ್ನೂ ಒಂದು ರಕ್ತನಾಳವನ್ನೂ ಬಿಡಿಸಿ ಕಂಡುಕೊಂಡು, ಎರಡಕ್ಕೂ ಕ್ಲಿಪ್ಪು ಹಾಕಿ ಕತ್ತರಿಸಿ, ಚೀಲವನ್ನು ಲಿವರಿನಿಂದ ಬಿಡಿಸಿ ಹೊರತೆಗೆಯುತ್ತೇವೆ. ಮುಗಿದ ಮೇಲೆ ಚೀಲವನ್ನು ಸ್ಟೀಲಿನ ತಟ್ಟೆಯಲ್ಲಿ ಸೀಳಿ, ಹೊರಗೆ ಕಾಯುತ್ತಿರುವ ಮನೆಯವರಿಗೆ ತೋರಿಸುವುದು ನನ್ನ ರೂಢಿ. ಅನೇಕ ಕಲ್ಲುಗಳಿದ್ದವರಲ್ಲಿ ಅವು ದುಂಡಗಿರುವುದಿಲ್ಲ. ಒಂದಕ್ಕೊಂದು ಒತ್ತಿಕೊಂಡು ಬೆಳೆದದ್ದರಿಂದ ಪ್ರತಿಯೊಂದಕ್ಕೂ ಪಗಡೆ ದಾಳದಂತೆ ನಯವಾದ ಮುಖಗಳು, ಹಳದಿಕಂದು ಬಣ್ಣ, ಒಡೆದರೆ ಒಳಗೆ ಮರದ ದಿಮ್ಮಿಯಲ್ಲಿರುವಂಥ ಸುತ್ತುಗಳು. ಇಷ್ಟು ಗಟ್ಟಿಯಾದದ್ದು ಕಷಾಯದಲ್ಲಿ ಕರಗುತ್ತಿತ್ತೇ ಎಂದು ಅವರೇ ಆಮೇಲೆ ನನ್ನನ್ನು ಕೇಳುತ್ತಾರೆ.

ಅಪಾಯಗಳನ್ನು ಮುಚ್ಚಿಡಬಾರದು. ಎಲ್ಲಕ್ಕಿಂತ ಗಂಭೀರವಾದದ್ದು ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು. ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಿಂದ ಐದರಲ್ಲಿ ಹೀಗಾಗುತ್ತದೆ. ಸಂಖ್ಯೆ ಸಣ್ಣದು, ಆದರೆ ಆದವರಿಗೆ ಅದು ಸಣ್ಣದಲ್ಲ. ಅದನ್ನು ಸರಿಪಡಿಸಲು ಇನ್ನೊಂದು ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಉರಿಯೂತದಿಂದ ಎಲ್ಲ ಅಂಟಿಕೊಂಡು ರಚನೆಗಳು ಸ್ಪಷ್ಟವಾಗಿ ಕಾಣದಿರುವಾಗ ಈ ಅಪಾಯ ಹೆಚ್ಚು. ಆದ್ದರಿಂದಲೇ ನೂರರಲ್ಲಿ ಐದರಷ್ಟು ಸಂದರ್ಭಗಳಲ್ಲಿ ರಂಧ್ರದ ಮೂಲಕ ಮುಂದುವರಿಯದೆ ಹೊಟ್ಟೆ ಕೊಯ್ದು ಮಾಡಬೇಕಾಗುತ್ತದೆ. ಕೆಲವೊಮ್ಮೆ ಚೀಲದ ಬುಡವನ್ನು ಬಿಟ್ಟು ಉಳಿದದ್ದನ್ನಷ್ಟೇ ತೆಗೆಯುತ್ತೇವೆ. ಇದನ್ನು ‘ಆಪರೇಷನ್ ಫೇಲ್ ಆಯಿತು’ ಎಂದು ಊರಿನಲ್ಲಿ ಹೇಳುವುದನ್ನು ಕೇಳಿದ್ದೇನೆ. ಕಾಣದ ಜಾಗದಲ್ಲಿ ಕತ್ತರಿ ಹಾಕದೆ ಹಿಂದೆ ಸರಿದದ್ದು ಆ ವೈದ್ಯರ ವಿವೇಕ. ರಕ್ತಸ್ರಾವ, ಪಿತ್ತರಸ ಸೋರುವುದು, ಗಾಯದಲ್ಲಿ ಕೀವು, ನಾಳದಲ್ಲಿ ಉಳಿದುಹೋದ ಕಲ್ಲು ಆಮೇಲೆ ತೊಂದರೆ ಕೊಡುವುದು, ಇವೂ ಉಂಟು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಕೀವಿನ ಸಾಧ್ಯತೆ ಹೆಚ್ಚು.

ತೆಗೆದ ಮೇಲೆ ಜೀರ್ಣವಾಗದು ಎಂಬುದು ನಿಜವಲ್ಲ. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ಅದು ಎಂದಿನಂತೆಯೇ ಇರುತ್ತದೆ. ಹಿಡಿದಿಡುವ ಚೀಲ ಇಲ್ಲದ್ದರಿಂದ ರಸ ಸ್ವಲ್ಪಸ್ವಲ್ಪವಾಗಿ ಸದಾ ಕರುಳಿಗೆ ಇಳಿಯುತ್ತದೆ. ಹತ್ತರಲ್ಲಿ ಒಬ್ಬರಿಗೆ ಕೆಲವು ವಾರ ಮಲ ಸಡಿಲವಾಗುವುದುಂಟು. ಹೆಚ್ಚಿನವರಲ್ಲಿ ತಾನಾಗಿ ಸರಿಹೋಗುತ್ತದೆ, ಹೋಗದಿದ್ದವರಿಗೆ ಮದ್ದಿದೆ. ಕುಚ್ಚಲಕ್ಕಿ ಗಂಜಿಯಿಂದ ಆರಂಭಿಸಿ ಎರಡು ಮೂರು ವಾರದಲ್ಲಿ ಮಾಮೂಲು ಊಟಕ್ಕೆ ಬರಬಹುದು.

ನೀವು ಈಗ ಮಾಡುತ್ತಿರುವ ಉಪವಾಸದ ಬಗ್ಗೆ ನನಗೆ ನಿಜವಾಗಿಯೂ ಕಳವಳವಿದೆ. ಊಟ ಬಿಟ್ಟಷ್ಟೂ ಹೊತ್ತು ಪಿತ್ತಕೋಶ ಹಿಂಡಿಕೊಳ್ಳದೆ ರಸ ಅಲ್ಲೇ ನಿಂತು ಗಟ್ಟಿಯಾಗುತ್ತದೆ. ಮೈತೂಕ ರಭಸದಿಂದ ಇಳಿಯುವಾಗ ಲಿವರ್ ಹೆಚ್ಚು ಕೊಲೆಸ್ಟರಾಲನ್ನು ಪಿತ್ತರಸಕ್ಕೆ ಬಿಡುತ್ತದೆ. ಎರಡೂ ಸೇರಿದರೆ ಹೊಸ ಕಲ್ಲು ಆಗಲು ಅದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಮೇಲಾಗಿ ಸಕ್ಕರೆಯ ಮಾತ್ರೆ ನುಂಗಿ ರಾತ್ರಿಯೂಟ ಬಿಟ್ಟರೆ ನಿದ್ದೆಯಲ್ಲಿ ಸಕ್ಕರೆ ಕುಸಿಯುವ ಭಯವಿದೆ. ಇಂದಿನಿಂದಲೇ ರಾತ್ರಿ ಊಟ ಮಾಡಿ. ಹೊತ್ತು ಹೊತ್ತಿಗೆ, ಸ್ವಲ್ಪಸ್ವಲ್ಪ. ಸಾರು, ಪಲ್ಯ, ಮಜ್ಜಿಗೆ, ಸ್ವಲ್ಪ ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು ಇರಲಿ. ಕರಿದದ್ದು, ಹಲಸಿನ ಸೋಂಟೆ, ಬಟ್ಟಲುಗಟ್ಟಲೆ ಪಾಯಸ ಮಾತ್ರ ಸದ್ಯಕ್ಕೆ ಬೇಡ. ಏಕಾದಶಿಯ ಉಪವಾಸವನ್ನೂ ಈ ಎರಡು ತಿಂಗಳು ಬಿಡಿ. ಪಥ್ಯದಿಂದ ನೋವು ಬರುವುದನ್ನು ಕಡಿಮೆ ಮಾಡಬಹುದೇ ಹೊರತು ಕಲ್ಲನ್ನು ಕರಗಿಸಲಾಗದು ಎಂಬುದನ್ನೂ ನೆನಪಿಡಿ.

ಮದುವೆಯ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮುಂಚೆಯೇ ಮಾಡಿಸಿಕೊಳ್ಳಿ. ಎರಡು ಮೂರು ವಾರ ಸಕ್ಕರೆಯನ್ನು ಹತೋಟಿಗೆ ತಂದು, ಮಾರ್ಚಿನ ಮೊದಲರ್ಧದಲ್ಲಿ ದಿನ ಗೊತ್ತುಮಾಡಿದರೆ, ಆಸ್ಪತ್ರೆಯಲ್ಲಿ ಒಂದೆರಡು ದಿನ, ಮನೆಗೆಲಸಕ್ಕೆ ಮರಳಲು ಒಂದೆರಡು ವಾರ, ಅಡಿಕೆಮೂಟೆಯೋ ನೀರಿನ ಕೊಡಪಾನವೋ ಎತ್ತಲು ನಾಲ್ಕರಿಂದ ಆರು ವಾರ. ಮೇ ತಿಂಗಳಿಗೆ ನೀವು ನೆಟ್ಟಗಿರುತ್ತೀರಿ. ಸಕ್ಕರೆಯ ಸರಾಸರಿ 8.4 ಎಂಬುದು ಶಸ್ತ್ರಚಿಕಿತ್ಸೆಯನ್ನು ತಿಂಗಳುಗಟ್ಟಲೆ ಮುಂದೂಡಬೇಕಾದ ಮಟ್ಟವೂ ಅಲ್ಲ. ಮದುವೆ ಕಳೆಯಲಿ ಎಂದರೆ ಅಡುಗೆ, ಓಡಾಟ, ನಿದ್ದೆಗೆಡುವುದು, ನೆಂಟರ ಮನೆಯ ಊಟ ಎಲ್ಲದರ ನಡುವೆ ನಾಲ್ಕನೆಯ ನೋವು ಬರಬಹುದು. ಅದು ಹಿಂದಿನ ಮೂರರಂತೆ ತಾನಾಗಿ ಇಳಿಯುತ್ತದೆ ಎಂದು ಯಾರೂ ಮಾತು ಕೊಡಲಾರರು.

ಅಡಿಕೆ ಸುಲಿದು ಮುಗಿಯಲಿ ಎಂದು ಹೀಗೆಯೇ ಮುಂದೂಡಿದ ಒಬ್ಬ ಕೃಷಿಕರನ್ನು ಇಲ್ಲಿ ನೆನೆಯುತ್ತೇನೆ. ಕಣ್ಣು ಹಳದಿಯಾದಾಗ ಮನೆಯವರು ಮೊದಲು ಕರೆದೊಯ್ದದ್ದು ಕಾಮಾಲೆಗೆ ಬೇರು ಅರೆದು ಕೊಡುವವರ ಬಳಿಗೆ. ಐದು ದಿನ ಕಳೆದು, ಚಳಿಜ್ವರ ಹಿಡಿದ ಮೇಲೆ ನಮ್ಮಲ್ಲಿಗೆ ಬಂದರು. ನಾಳದ ಕಲ್ಲನ್ನು ಇಆರ್‌ಸಿಪಿ (ಬಾಯಿಯಿಂದ ಕೊಳವೆ ಇಳಿಸಿ ಪಿತ್ತನಾಳವನ್ನು ತಲುಪುವ ವಿಧಾನ) ಮೂಲಕ ತೆಗೆಸಿ, ಮೇದೋಜೀರಕ ಗ್ರಂಥಿಯ ಉರಿಯೂತ ಇಳಿಯಲು ಮೂರು ವಾರ ಒಳರೋಗಿಯಾಗಿದ್ದು, ಆಮೇಲೆ ಪಿತ್ತಕೋಶ ತೆಗೆಸಿಕೊಂಡರು. ಬದುಕಿದರು, ಆದರೆ ಎರಡು ದಿನದಲ್ಲಿ ಮುಗಿಯಬೇಕಾದದ್ದು ಎರಡು ತಿಂಗಳಾಯಿತು. ವೈರಸ್ಸಿನಿಂದ ಬರುವ ಕಾಮಾಲೆ ಹೆಚ್ಚಾಗಿ ತಾನಾಗಿ ಇಳಿಯುವುದರಿಂದ ಆ ಮದ್ದುಗಳಿಗೆ ನಮ್ಮ ಕಡೆ ಹೆಸರು ಬಂದಿದೆ. ಕಲ್ಲು ಅಡ್ಡವಾಗಿ ಬಂದ ಕಾಮಾಲೆ ಹಾಗೆ ಇಳಿಯುವುದಿಲ್ಲ.

ನಮ್ಮ ಜಿಲ್ಲೆಯವರು ಇದನ್ನು ಇನ್ನೊಂದು ಕಾರಣಕ್ಕೂ ಯೋಚಿಸಬೇಕು. ಇಆರ್‌ಸಿಪಿ, ತೀವ್ರನಿಗಾ ಘಟಕ ಎಂದೊಡನೆ ನಮ್ಮಲ್ಲಿ ಬಹಳ ಜನ ಹೊರಡುವುದು ರಾಜ್ಯದ ಗಡಿಯ ತಲಪಾಡಿ ದಾಟಿ ದೇರಳಕಟ್ಟೆಗೋ ಮಂಗಳೂರಿಗೋ, ಇಲ್ಲವೇ ದಕ್ಷಿಣಕ್ಕೆ ಪರಿಯಾರಕ್ಕೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ತಲಪಾಡಿಯ ದಾರಿ ಮುಚ್ಚಿದಾಗ ಇಲ್ಲಿನ ರೋಗಿಗಳು ಪಟ್ಟ ಪಾಡನ್ನು ನಾವೆಲ್ಲ ಕಂಡಿದ್ದೇವೆ. ಅಂಥ ದಿನ ಮತ್ತೆ ಬಾರದಿರಲಿ. ಆದರೂ ಜೂನ್ ತಿಂಗಳ ಮಳೆಯಲ್ಲಿ, ನಡುರಾತ್ರಿ, ಒಳಹಳ್ಳಿಯಿಂದ ಜೀಪು ಹಿಡಿದು ಹೊರಡುವುದಕ್ಕೂ, ಬಿಸಿಲಿನ ದಿನ ಬೆಳಿಗ್ಗೆ ಚೀಲ ತುಂಬಿಕೊಂಡು ಹೋಗಿ ದಾಖಲಾಗುವುದಕ್ಕೂ ಇರುವ ಅಂತರ ನಿಮಗೆ ನಾನು ಹೇಳಬೇಕಿಲ್ಲ. ಕೇರಳದ ಆರೋಗ್ಯ ವಿಮೆಯ ಕಾರ್ಡು ನಿಮ್ಮಲ್ಲಿದ್ದರೆ ಅದು ಆ ಆಸ್ಪತ್ರೆಯಲ್ಲಿ, ಈ ಶಸ್ತ್ರಚಿಕಿತ್ಸೆಗೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಮೆಯ ಕೌಂಟರಿನಲ್ಲಿ ಕೇಳಿ.

ಅದುವರೆಗೆ ಈ ಲಕ್ಷಣಗಳಲ್ಲಿ ಯಾವುದು ಕಂಡರೂ ಕಾಯಬೇಡಿ: ಆರು ಗಂಟೆ ಮೀರಿದ ನೋವು, ಚಳಿ ನಡುಕದ ಜ್ವರ, ಕಣ್ಣು ಹಳದಿಯಾಗುವುದು, ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗುವುದು, ಮಲ ಸುಣ್ಣದಂತೆ ಬಿಳಿಚುವುದು, ನಿಲ್ಲದ ವಾಂತಿ. ಪಿತ್ತಕೋಶ ಉರಿದು ಊದಿಕೊಂಡರೂ ಮೊದಲ ಮೂರು ದಿನದೊಳಗೆ ಬಂದವರಿಗೆ ಅದೇ ಸಲ ಶಸ್ತ್ರಚಿಕಿತ್ಸೆ ಮಾಡಿಬಿಡುವುದು ಸುಲಭ. ಹತ್ತು ದಿನ ಕಳೆದು ಬಂದರೆ ಎಲ್ಲ ಅಂಟಿಕೊಂಡಿರುತ್ತದೆ, ಆಗ ಹೆಚ್ಚಾಗಿ ಮದ್ದು ಕೊಟ್ಟು ಆರು ವಾರ ಕಾಯಬೇಕಾಗುತ್ತದೆ.

ಶಸ್ತ್ರಚಿಕಿತ್ಸಕರನ್ನು ಕಾಣಲು ಹೋಗುವಾಗ ಎರಡೂ ಸ್ಕ್ಯಾನಿಂಗಿನ ವರದಿ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಕೇಳದೆ ನಿಲ್ಲಿಸಲೂ ಬೇಡಿ, ಹೇಳದೆ ಇರಲೂ ಬೇಡಿ. ಲಿವರ್ ಪರೀಕ್ಷೆಯನ್ನು ಶಸ್ತ್ರಚಿಕಿತ್ಸೆಯ ಮುಂಚಿನ ದಿನಗಳಲ್ಲಿ ಇನ್ನೊಮ್ಮೆ ಮಾಡಿಸಬೇಕು. ಈಗ ನಾಳ 4 ಮಿಲಿಮೀಟರ್ ಇದ್ದು ಪರೀಕ್ಷೆ ಸರಿಯಿರುವುದರಿಂದ ಎಮ್‌ಆರ್‌ಸಿಪಿ (ಪಿತ್ತನಾಳವನ್ನು ತೋರಿಸುವ ಎಮ್‌ಆರ್‌ಐ ಸ್ಕ್ಯಾನ್) ಬೇಕಾಗಲಾರದು, ಅಂಕಿಗಳು ಏರಿದ್ದರೆ ಬೇಕಾದೀತು. ‘ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ? ಕಷ್ಟವಾದರೆ ಏನು ಮಾಡುತ್ತೀರಿ?’ ಎಂದು ನೇರವಾಗಿ ಕೇಳಲು ಸಂಕೋಚಪಡಬೇಡಿ. ನನ್ನನ್ನು ಹೀಗೆ ಕೇಳಿದವರ ಮೇಲೆ ನನಗೆ ಯಾವತ್ತೂ ಬೇಸರವಾಗಿಲ್ಲ. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನ ಬಲ ಹೆಗಲು ನೋಯುತ್ತದೆ. ಹೊಟ್ಟೆಗೆ ತುಂಬಿದ ಅನಿಲದಿಂದ ಬರುವ ನೋವು ಅದು, ಹಳೆಯ ಕಲ್ಲಿನ ನೋವು ಮರಳಿತೆಂದು ಹೆದರಬೇಡಿ. ತೆಗೆದ ಪಿತ್ತಕೋಶವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅದರ ವರದಿ ಬರುವ ಹೊತ್ತಿಗೆ ನೀವು ಮನೆಗೆ ಹೋಗಿ ವಾರ ಕಳೆದಿರುತ್ತದೆ, ಮದುವೆಯ ಗಡಿಬಿಡಿಯಲ್ಲಿ ಮರೆತೇಹೋಗಬಹುದು. ಹೊಲಿಗೆ ತೋರಿಸಲು ಹೋದ ದಿನ ಆ ವರದಿಯನ್ನು ಕೇಳಿ ಪಡೆದು, ವೈದ್ಯರಿಂದ ಓದಿಸಿಕೊಂಡು, ಉಳಿದ ಕಾಗದಪತ್ರಗಳ ಜೊತೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.